ನಲವತ್ತನೆಯ ಹೆಸರು

ನಮ್ಮೂರಿನ ನೀರು ಸರಬರಾಜು ಕಚೇರಿಯ ಮೆಟ್ಟಿಲು ಹತ್ತಿದರೆ ಮೊದಲು ಕೇಳಿಸುವುದು ಸರ್ವಮಂಗಳಮ್ಮನ ದನಿ. "ನಮ್ ಬೀದಿಗೆ ನಲ್ಲಿ ಹಾಕೋಕೆ ಇಷ್ಟು ವರ್ಷ ಯಾಕ್ ಬೇಕಾಯ್ತು?" ಎಂದು ಆಕೆ ವರಾಂಡದ ಬೆಂಚಿನ ಹತ್ತಿರ ಬೆಳಿಗ್ಗೆಯಿಂದ ಸಂಜೆಯವರೆಗೂ ಕೇಳುತ್ತಾಳೆ. ನಲ್ಲಿ ಬಂದು ಹದಿನಾಲ್ಕು ವರ್ಷವಾಯಿತು, ಸರ್ವಮಂಗಳಮ್ಮ ತೀರಿಕೊಂಡು ಹನ್ನೆರಡು. ಉತ್ತರ ಹೇಳಬೇಕಾಗಿದ್ದ ಎಂಜಿನಿಯರೂ ಈಗಿಲ್ಲ. ಪ್ರಶ್ನೆ ಮಾತ್ರ ಎಂಜಿನಿಯರು ಕೂರುತ್ತಿದ್ದ ಆ ಬೆಂಚಿನ ಹತ್ತಿರ ಗಟ್ಟಿಯಾಗಿದೆ. ಪ್ರತಿ ವರ್ಷ ಆಕೆಯ ತಿಥಿಯ ದಿನ ಮಕ್ಕಳು ಮೊಮ್ಮಕ್ಕಳೆಲ್ಲ ಬಂದು ಆ ಬೆಂಚಿನ ಮೇಲೆ ಕೂತು, ಅಜ್ಜಿಯ ದನಿ ಕೇಳಿ, ಕಣ್ಣೊರೆಸಿಕೊಂಡು, ಕಚೇರಿಯವರಿಗೆಲ್ಲ ಕೋಸಂಬರಿ ಹಂಚಿ ಹೋಗುತ್ತಾರೆ. ಹೊಸದಾಗಿ ಬಂದ ಎಂಜಿನಿಯರೊಬ್ಬರು ಹುರುಪಿನಲ್ಲಿ ಹಳೆಯ ಕಡತ ಹುಡುಕಿಸಿ ಇನ್ನೇನು ಉತ್ತರ ಹೇಳುವುದರಲ್ಲಿದ್ದರು. ಆಕೆಯ ಹಿರಿಯ ಮಗ ಓಡಿಬಂದು ಕೈಮುಗಿದ. "ಸಾರ್, ನಿಮ್ಮ ದಮ್ಮಯ್ಯ, ಉತ್ತರ ಮಾತ್ರ ಕೊಡಬೇಡಿ. ನಮ್ಮವ್ವನ ದನಿ ಅಂತ ಉಳಿದಿರೋದು ಇದೊಂದೇ." ಎಂಜಿನಿಯರು ಕಡತ ಕಟ್ಟಿಟ್ಟರು.

ನಮ್ಮೂರಿನಲ್ಲಿ ಸರ್ಕಾರಕ್ಕೆ ಹಾಕಿದ ಪ್ರಶ್ನೆ ಗಾಳಿಗೆ ಹೋಗುವುದಿಲ್ಲ. ಕೇಳಿದವರ ದನಿಯಲ್ಲೇ ಹೋಗಿ, ಉತ್ತರ ಹೇಳಬೇಕಾದವರ ಪಕ್ಕದಲ್ಲಿ ಕೂರುತ್ತದೆ. ಆ ಮನುಷ್ಯ ಕೇಳಿದವರ ಮುಖ ನೋಡಿ, ಅವರಿಲ್ಲದಿದ್ದರೆ ಅವರ ಮನೆಯವರ ಮುಖ ನೋಡಿ, ನಿಜ ಹೇಳಿದರೆ ಸುಮ್ಮನಾಗುತ್ತದೆ. ಹೇಳದಿದ್ದರೆ ಅವನ ಜೊತೆ ಮನೆಗೂ ಬರುತ್ತದೆ, ಕ್ಷೌರದಂಗಡಿಗೂ ಬರುತ್ತದೆ, ಬೀಗರ ಔತಣಕ್ಕೂ ಬರುತ್ತದೆ. ಸುಳ್ಳು ಹೇಳಿದರೆ ದನಿ ಜೋರಾಗುತ್ತದೆ. ಹೀಗಾಗಿ ನಮ್ಮಲ್ಲಿ ಸರ್ಕಾರಿ ನೌಕರನಿಗೆ ಹೆಣ್ಣು ಕೊಡುವವರು ಜಾತಕ ಕೇಳುವುದಿಲ್ಲ. ಹುಡುಗನ ಮನೆಯ ಪಡಸಾಲೆಯಲ್ಲಿ ಒಂದು ಗಂಟೆ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಏನೂ ಕೇಳಿಸದಿದ್ದರೆ ಮಾತು ಮುಂದುವರಿಯುತ್ತದೆ. ನನ್ನ ಮಾವನವರು ಎರಡು ಗಂಟೆ ಕೂತಿದ್ದರಂತೆ. ಆಮೇಲೆ ಉಪ್ಪಿಟ್ಟು ತಿಂದರು.

ನನ್ನ ಹೆಸರು ವಾಮದೇವಯ್ಯ. ವಲಸೆ ಶಾಖೆಯಲ್ಲಿ ಹೆಡ್ ಕ್ಲಾರ್ಕು. ಸುಮಾರು ಮೂವತ್ತೈದು ವರ್ಷದ ಹಿಂದೆ ಹೊಳೆಗೆ ದೊಡ್ಡ ನೆರೆ ಬಂದಾಗ ಆಚೆ ದಡದ ಊರುಗಳು ಖಾಲಿಯಾಗಿ, ಅಲ್ಲಿಯ ಜನ ನಮ್ಮ ದಡಕ್ಕೆ ಬಂದು ನೆಲೆಸಿದರು. ಅವರ ಹೆಸರುಗಳೆಲ್ಲ ನಮ್ಮ ಶಾಖೆಯ ಹೊಳೆ ರಿಜಿಸ್ಟರಿನಲ್ಲಿವೆ. ಸರ್ಕಾರಕ್ಕೆ ಆಗಾಗ ಅವರ ನೆನಪಾಗುತ್ತದೆ. ನೆನಪಾದಾಗ ಕೆಲವರನ್ನು ಹುಣ್ಣಿಮೆಯ ಬೆಳಿಗ್ಗೆ ದೋಣಿ ಹತ್ತಿಸಿ ವಾಪಸು ಕಳಿಸುತ್ತದೆ. ಹಾಗೆ ಹೋದವರು ತಿರುಗಿ ಬಂದ ಉದಾಹರಣೆ ನಮ್ಮ ಕಡತಗಳಲ್ಲಿ ಒಂದೂ ಇರಲಿಲ್ಲ.

ಈ ಕೆಲಸಕ್ಕೆ ಬಂದ ಸಾಹೇಬರುಗಳ ಪಾಡು ಹೇಳಬಾರದು. ಆದೇಶಕ್ಕೆ ಸಹಿ ಹಾಕಿದ ಕೂಡಲೇ ಹೆಂಡತಿಯರ, ತಾಯಂದಿರ ಪ್ರಶ್ನೆಗಳು ಬಂದು ಸುತ್ತುವರಿಯುತ್ತಿದ್ದವು. ಒಬ್ಬರಿಗಂತೂ ಹದಿನೇಳು ಪ್ರಶ್ನೆಗಳಿದ್ದವು. ಅವರು ಸಿನಿಮಾಕ್ಕೆ ಹೋದರೆ ಆ ಸಾಲಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಕೊನೆಗೆ ಅವರು ಕೆಲಸವನ್ನೇ ಬಿಟ್ಟು ಜೇನು ಸಾಕಲು ಹೋದರು. ಅವರ ನಂತರ ಬಂದವರು ವಿಶೇಷಾಧಿಕಾರಿ ಜಯವಿಭವ ಸಾಹೇಬರು. ಬಂದ ದಿನವೇ ನನ್ನನ್ನು ಕರೆದು, ವಾಮದೇವಯ್ಯನವರೇ, ಕೆಲಸವೂ ಆಗಬೇಕು, ಪ್ರಶ್ನೆಯೂ ಅಂಟಬಾರದು, ಏನಾದರೂ ದಾರಿ ಹುಡುಕಿ ಎಂದರು.

ನಾನು ಹುಡುಕಿದೆ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆಗ ಎದೆ ಉಬ್ಬಿಸಿಕೊಂಡು ಹೇಳುತ್ತಿದ್ದೆ. ಅದರ ಹೆಸರು ಏಳು ಮೇಜಿನ ಪದ್ಧತಿ. ಶಾಖೆಯಲ್ಲಿ ನಾವು ಏಳು ಜನ. ಖಾಲಿ ಹಾಳೆಯೊಂದು ಮೊದಲನೆಯ ಮೇಜಿನಿಂದ ಹೊರಡುತ್ತದೆ. ಪ್ರತಿಯೊಬ್ಬನೂ ರಿಜಿಸ್ಟರಿನ ಯಾವುದೋ ಪುಟ ತೆಗೆದು, ಹಿಂದೆ ಮುಂದೆ ನೋಡದೆ, ಆರೇಳು ಹೆಸರು ಬರೆದು ಮುಂದಿನವನಿಗೆ ತಳ್ಳುತ್ತಾನೆ. ಬರೆದದ್ದನ್ನು ಮತ್ತೆ ಓದುವ ಹಾಗಿಲ್ಲ. ಏಳನೆಯ ಮೇಜು ನನ್ನದು. ನಾನು ಎಣಿಸಿ, ಕಮ್ಮಿಯಿದ್ದರೆ ತುಂಬಿಸಿ, ನಲವತ್ತಾಗಿದೆ ಎಂದು ಮೊಹರು ಒತ್ತುತ್ತೇನೆ. ಯಾರ ಸಹಿಯೂ ಇಲ್ಲ. ತಾನು ಯಾರ ಹೆಸರು ಬರೆದೆನೆಂದು ಬರೆದವನಿಗೇ ನೆನಪಿಲ್ಲದ ಮೇಲೆ ಪ್ರಶ್ನೆ ಬಂದು ಯಾರ ಪಕ್ಕದಲ್ಲಿ ಕೂರಬೇಕು? ಶಿಫಾರಸು ಹಿಡಿದು ಬರುವವರ ಕಾಟ ತಪ್ಪಲಿ ಎಂದು ಒಂಬತ್ತನೆಯ ನಿಯಮವನ್ನೂ ಸೇರಿಸಿದೆ. ಪಟ್ಟಿಗೆ ಏರಿದ ಹೆಸರನ್ನು ಬರೆದ ಕೈಯೇ ಹೊಡೆದುಹಾಕಬೇಕು, ಬೇರೆ ಯಾರೂ, ಸಾಹೇಬರೂ ಸಹ, ಮುಟ್ಟುವಂತಿಲ್ಲ. ಬರೆದ ಕೈ ಯಾವುದೆಂದೇ ಗೊತ್ತಿಲ್ಲದಿದ್ದಾಗ ಹೊಡೆದುಹಾಕುವ ಮಾತೆಲ್ಲಿ ಬಂತು. ಸಾಹೇಬರು ನನ್ನ ಬೆನ್ನು ತಟ್ಟಿದರು. ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದರು. ಆ ಶಾಲನ್ನು ನಾನು ಬೇಸಿಗೆಯಲ್ಲೂ ಹೊದ್ದುಕೊಂಡು ತಿರುಗುತ್ತಿದ್ದೆ ಎಂದು ನನ್ನ ಹೆಂಡತಿ ಗಂಗಾಂಬಿಕೆ ಹೇಳುತ್ತಾಳೆ. ಅದು ನಿಜ.

ಒಂದು ವರ್ಷ ನಾವು ಸುಖವಾಗಿದ್ದೆವು. ಪ್ರಶ್ನೆಗಳು ಬರುತ್ತಿದ್ದವು, ಏಳು ಮೇಜುಗಳನ್ನೂ ಸುತ್ತಿ ಮೂಸಿ ನೋಡುತ್ತಿದ್ದವು, ಯಾರೂ ಸಿಗದೆ ಕಿಟಕಿಯಿಂದ ಹೊರಗೆ ಹೋಗಿ ಕಚೇರಿಯ ಹಿಂದಿನ ಹುಣಸೆಮರದಲ್ಲಿ ಕೂರುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ಆ ಮರದ ಹತ್ತಿರ ಬಸ್ ನಿಲ್ದಾಣದಷ್ಟು ಗದ್ದಲ. ಕಾಗೆಗಳು ಬೇಸತ್ತು ಬೇರೆ ಮರ ನೋಡಿಕೊಂಡವು. ನಾವು ಹಿಂದಿನ ಕಿಟಕಿ ಮುಚ್ಚಿಕೊಂಡು ಕೆಲಸ ಮಾಡಿದೆವು.

ಆ ತಿಂಗಳು ಹುಣ್ಣಿಮೆಗೆ ಆರು ದಿನ ಇರುವಾಗ ಪೊಲೀಸರು ಪಟ್ಟಿಯಲ್ಲಿ ಹೆಸರಿದ್ದ ಬೀಗದ ಹೊನ್ನೂರಪ್ಪನನ್ನು ಹಿಡಿದುಕೊಂಡು ಹೋದರು. ಹೊನ್ನೂರಪ್ಪ ಬಸ್ ನಿಲ್ದಾಣದ ಪಕ್ಕ ಕೂತು ಬೀಗ ರಿಪೇರಿ ಮಾಡುವವನು, ಕೀಲಿಕೈ ಮಾಡಿಕೊಡುವವನು. ಊರಿನ ಅರ್ಧ ಬಾಗಿಲುಗಳ ಗುಟ್ಟು ಅವನಿಗೆ ಗೊತ್ತು. ಹೊಳೆಯ ನೆರೆಯಲ್ಲಿ ತಾಯಿಯ ಸೊಂಟದ ಮೇಲೆ ಬಂದಾಗ ಅವನಿಗೆ ಮೂರು ವರ್ಷ. ಆಚೆ ದಡದಲ್ಲಿ ಅವನಿಗೆ ನೆಲವೂ ಇಲ್ಲ, ನೆಂಟರೂ ಇಲ್ಲ. ಅವನನ್ನು ಒಳಗೆ ಹಾಕಿ ಇನ್ಸ್‌ಪೆಕ್ಟರ್ ತಿಮ್ಮಾರೆಡ್ಡಿ ಲಾಕಪ್ಪಿನ ಬೀಗ ಹಾಕಿದರು. ಮರುದಿನ ಬೆಳಿಗ್ಗೆ ತಿಂಡಿ ಕೊಡಲು ಹೋದರೆ ಬೀಗ ತೆರೆಯಲಿಲ್ಲ. ಎಣ್ಣೆ ಬಿಟ್ಟರು, ಕಲ್ಲಿನಿಂದ ಕುಟ್ಟಿದರು. ಕೊನೆಗೆ ಇನ್ಸ್‌ಪೆಕ್ಟರು ಮುಖ ಹುಳ್ಳಗೆ ಮಾಡಿಕೊಂಡು ಸರಳಿನ ಒಳಗಿದ್ದವನನ್ನೇ ಕೇಳಿದರಂತೆ, ಸ್ವಲ್ಪ ನೋಡಪ್ಪ ಎಂದು. ಹೊನ್ನೂರಪ್ಪ ತನ್ನ ಚೀಲ ತರಿಸಿಕೊಂಡು, ಸರಳಿನ ಸಂದಿಯಿಂದ ಕೈ ಹಾಕಿ, ಬೀಗ ಬಿಚ್ಚಿ ಸರಿಮಾಡಿ, ಮತ್ತೆ ಒಳಗೇ ಕೂತು, ಈಗ ಹಾಕಿಕೊಳ್ಳಿ ಸಾರ್, ಹತ್ತು ವರ್ಷ ತೊಂದರೆ ಇಲ್ಲ ಅಂದನಂತೆ. ಈ ಸುದ್ದಿ ಕೇಳಿ ನಮ್ಮ ಶಾಖೆಯಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಾನೂ ನಕ್ಕೆ.

ಅದೇ ದಿನ ಅವನ ಹೆಂಡತಿ ಫಕೀರಮ್ಮ ಬಂದಳು. ಸಣ್ಣ ಆಳಿನ ಹೆಂಗಸು. ಅಳಲಿಲ್ಲ, ಕೂಗಾಡಲಿಲ್ಲ. ಏಳು ಮೇಜುಗಳ ನಡುವೆ ನಿಂತು, ಸೆರಗು ಸರಿಮಾಡಿಕೊಂಡು, ಒಂದೇ ಮಾತು ಕೇಳಿದಳು. "ನನ್ ಗಂಡನ್ನ ಹೊಳೆ ದಾಟ್ಸಿ ಅಂತ ಬರ್ದೋರು ಯಾರು?" ನಾವು ಏಳು ಜನರೂ ತಲೆ ಬಗ್ಗಿಸಿಕೊಂಡು ಕಾಗದ ನೋಡಿದೆವು. ಯಾರಿಗೂ ಗೊತ್ತಿರಲಿಲ್ಲ, ನಿಜವಾಗಿ ಗೊತ್ತಿರಲಿಲ್ಲ. ಅವಳು ಹೋಗಿ ಗೇಟಿನ ಹತ್ತಿರ ಕೂತಳು. ಪ್ರಶ್ನೆ ಒಳಗೆ ಉಳಿಯಿತು.

ಉಳಿದ ಪ್ರಶ್ನೆಗಳ ಹಾಗೆ ಅದು ಅರ್ಧ ದಿನದಲ್ಲಿ ಹುಣಸೆಮರಕ್ಕೆ ಹೋಗಲಿಲ್ಲ. ಎರಡು ದಿನ ಸುತ್ತಿತು. ಮೂರನೆಯ ದಿನವೂ ಸುತ್ತಿತು. ಪ್ರತಿ ಮೇಜಿನ ಹತ್ತಿರ ನಿಂತು ಕೇಳುವುದು, ಕಾಯುವುದು, ಮುಂದಿನ ಮೇಜಿಗೆ ಹೋಗುವುದು. ನಾಲ್ಕನೆಯ ಮೇಜಿನ ಶಾಂತವೀರ ಅದಕ್ಕೊಂದು ಕುರ್ಚಿ ಹಾಕಿ ಕೂತ್ಕೊಳ್ಳಮ್ಮ ಎಂದು ತಮಾಷೆ ಮಾಡಿದ. ನನ್ನ ಮೇಜಿನ ಹತ್ತಿರ ಬಂದಾಗ ಅದು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿತ್ತೇನೋ ಎಂದು ನನಗೆ ಅನುಮಾನ. ಹೆಡ್ ಕ್ಲಾರ್ಕ್ ಎಂಬ ಗೌರವಕ್ಕೆ ಇರಬೇಕು ಅಂದುಕೊಂಡೆ.

ನಾಲ್ಕನೆಯ ದಿನ ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋಗಿದ್ದರು. ಈ ಹೊನ್ನೂರಪ್ಪ ಯಾವ ಪುಟದಲ್ಲಿದ್ದಾನೆ ನೋಡೋಣ ಎಂದು ಬರಿಯ ಕುತೂಹಲಕ್ಕೆ ರಿಜಿಸ್ಟರು ತೆಗೆದೆ. ನೂರಾ ಹನ್ನೆರಡನೆಯ ಪುಟ. ಹೊನ್ನೂರಪ್ಪ, ತಂದೆ ಇಮಾಮಪ್ಪ, ವಯಸ್ಸು ಮೂರು. ಹೆಸರಿನ ಪಕ್ಕದಲ್ಲಿ ಒಂದು ತುಪ್ಪದ ಕಲೆ. ಬೆರಳಿನ ಗುರುತು ಕಾಣುವಷ್ಟು ಸ್ಪಷ್ಟವಾದ ಕಲೆ. ಅದರ ಮೇಲೆ ನನ್ನ ಬೆರಳಿಟ್ಟು ನೋಡಿದೆ, ಸರಿಯಾಗಿ ಹೊಂದಿತು. ಪಟ್ಟಿ ತಯಾರಾದ ದಿನ ಅದು ನನ್ನ ಮೇಜಿಗೆ ಬಂದಾಗ ಮೂವತ್ತೊಂಬತ್ತೇ ಹೆಸರಿದ್ದವು. ಗಂಗಾಂಬಿಕೆ ಡಬ್ಬಿಯಲ್ಲಿ ಹೋಳಿಗೆ ಕಳಿಸಿದ್ದಳು. ಮೇಲೆ ತುಪ್ಪ ಸುರಿದಿದ್ದಳು. ಒಂದು ತಿಂದಿದ್ದೆ, ಇನ್ನೂ ಎರಡಿದ್ದವು. ಬೇಗ ಮುಗಿಸಿಬಿಡೋಣ ಎಂದು ರಿಜಿಸ್ಟರು ಬಿಚ್ಚಿ, ಕಣ್ಣು ಡಬ್ಬಿಯ ಮೇಲಿಟ್ಟುಕೊಂಡೇ ಪುಟದ ಮೇಲೆ ಬೆರಳಿಟ್ಟೆ. ಬೆರಳು ಬಿದ್ದ ಹೆಸರು ಬರೆದೆ. ಮೊಹರು ಒತ್ತಿದೆ. ಎರಡನೆಯ ಹೋಳಿಗೆ ತೆಗೆದುಕೊಂಡೆ.

ಇದು ನೆನಪಾದದ್ದೇ ತಡ, ಕೋಣೆಯ ಆ ಮೂಲೆಯಲ್ಲಿದ್ದ ದನಿ ಬಂದು ನನ್ನ ಬಲಗಿವಿಯ ಹತ್ತಿರ ಕೂತಿತು. "ನನ್ ಗಂಡನ್ನ ಹೊಳೆ ದಾಟ್ಸಿ ಅಂತ ಬರ್ದೋರು ಯಾರು?" ನಾನು ರಿಜಿಸ್ಟರು ಮುಚ್ಚಿ ಅದರ ಮೇಲೆ ಕೂತುಬಿಟ್ಟೆ. ಮುಚ್ಚಿದರೆ ಮರೆಯುತ್ತದೇನೋ ಎಂಬ ಆಸೆ. ತುಪ್ಪದ ಕಲೆ ಒಮ್ಮೆ ಕಂಡ ಮೇಲೆ ಮರೆಯುವುದು ಹೇಗೆ. ಉಳಿದವರು ಊಟ ಮುಗಿಸಿ ಬಂದು, ನನ್ನ ಪಕ್ಕದ ದನಿ ಕೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾಂತವೀರ ಕುರ್ಚಿ ಎತ್ತಿ ತಂದು ನನ್ನ ಪಕ್ಕಕ್ಕೆ ಹಾಕಿದ. ಈ ಸಲ ಯಾರೂ ನಗಲಿಲ್ಲ.

ಸಂಜೆ ಅದು ನನ್ನ ಜೊತೆ ಮನೆಗೆ ಬಂತು. ದಾರಿಯುದ್ದಕ್ಕೂ ನಾನು ಕೆಮ್ಮಿದೆ, ಹಾಡು ಗುನುಗಿದೆ, ಯಾರಾದರೂ ಎದುರಾದರೆ ಹವಾಮಾನ ಮಾತಾಡಿದೆ. ಗಂಗಾಂಬಿಕೆ ಬಾಗಿಲು ತೆಗೆದಳು, ನನ್ನನ್ನು ನೋಡಿದಳು, ನನ್ನ ಪಕ್ಕದ ಗಾಳಿಯನ್ನು ನೋಡಿದಳು, ಎರಡು ತಟ್ಟೆ ಹಾಕುವುದೋ ಮೂರೋ ಎಂದು ಕೇಳಿದಳು. ಮೂವತ್ತು ವರ್ಷದಲ್ಲಿ ನನ್ನ ಹಿಂದೆ ಒಂದು ಪ್ರಶ್ನೆಯೂ ಬಂದಿರಲಿಲ್ಲ. ಅವಳಪ್ಪ ಎರಡು ಗಂಟೆ ಕೂತು ನೋಡಿ ಕೊಟ್ಟ ಮನೆಯಿದು. ನಾನು ಎಲ್ಲ ಹೇಳಿದೆ. ಹೇಳಿ, ಈಗ ಒಪ್ಪಿಕೊಂಡರೆ ಕೆಲಸ ಹೋಗುತ್ತದೆ, ನಿವೃತ್ತಿಗೆ ಇನ್ನು ಎರಡೇ ವರ್ಷ, ಮಾನವೂ ಹೋಗುತ್ತದೆ ಎಂದೆ. ಅವಳು ಮುದ್ದೆ ಬಡಿಸುತ್ತ ಕೇಳಿದಳು.

"ನಮ್ಮ ಪುಟ್ಟಿ ಕೋಣೆ ಚಿಲಕ ಹಾಕ್ಕೊಂಡು ಒಳಗೆ ಸಿಕ್ಕಾಕ್ಕೊಂಡಾಗ ಬಂದು ತೆಗೆದೋನು ಯಾರ್ರೀ?"

ಹೊನ್ನೂರಪ್ಪನೇ. ಎರಡು ವರ್ಷದ ಮೊಮ್ಮಗಳು ಒಳಗೆ ಅಳುತ್ತಿದ್ದಾಗ ಅವನು ಊಟದ ಮಧ್ಯೆ ಎದ್ದು, ಕೈಯನ್ನೂ ತೊಳೆಯದೆ ಓಡಿಬಂದಿದ್ದ. ನಮ್ಮ ಬಾಗಿಲ ಮೇಲೆ ಅವನ ಸಾರಿನ ಕೈ ಗುರುತು ಬಹಳ ದಿನ ಇತ್ತು. ಪಟ್ಟಿಯಲ್ಲಿ ಹೆಸರು ಬರೆಯುವಾಗ ಅದು ಆ ಕೈಯ ಹೆಸರೆಂದು ನಾನು ನೋಡಿರಲಿಲ್ಲ. ಗಂಗಾಂಬಿಕೆ ಗೂಟದ ಮೇಲಿದ್ದ ನನ್ನ ಶಾಲು ತೆಗೆದು, ಮಡಿಸಿ, ನೆಲ ಒರೆಸುವ ಬಟ್ಟೆಗಳ ಜೊತೆಗಿಟ್ಟಳು.

ಮರುದಿನ ನಾನು ಗೇಟಿನ ಹತ್ತಿರ ಕೂತಿದ್ದ ಫಕೀರಮ್ಮನ ಎದುರು ಹೋಗಿ ನಿಂತೆ. ಹೇಳಿಬಿಡಬೇಕೆಂದೇ ಹೋದದ್ದು. ಬಾಯಿ ಬಿಟ್ಟಾಗ ಬೇರೆ ಮಾತೇ ಬಂತು. "ನೋಡಮ್ಮ, ಇದನ್ನ ಯಾರೂ ಬರೆದಿಲ್ಲ. ಪದ್ಧತಿ ಪ್ರಕಾರ ಬಂದಿದೆ ಅಷ್ಟೇ" ಎಂದೆ. ಮಾತು ಮುಗಿಯುವ ಮೊದಲೇ ಪಕ್ಕದ ದನಿ ಎರಡು ಪಟ್ಟಾಯಿತು. ಎದುರಿನ ಹೋಟೆಲಿನವರು ದೋಸೆ ಕಾವಲಿ ಬಿಟ್ಟು ಹೊರಗೆ ಬಂದು ನೋಡಿದರು. ಫಕೀರಮ್ಮನಿಗೂ ಗೊತ್ತಾಯಿತು. ಅವಳು ತನ್ನದೇ ದನಿಯನ್ನು ನನ್ನ ಪಕ್ಕದಲ್ಲಿ ಕೇಳುತ್ತ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ನಾಳೆ ದೋಣಿ ಐತೆ ಅಯ್ಯನೋರೆ" ಎಂದಷ್ಟೇ ಹೇಳಿ ಹೊಳೆಯ ಕಡೆ ಹೊರಟುಹೋದಳು.

ಹುಣ್ಣಿಮೆಯ ಬೆಳಿಗ್ಗೆ ಹೊಳೆದಂಡೆಯಲ್ಲಿ ಯಾವಾಗಲೂ ಜನ ಸೇರುತ್ತಾರೆ. ಕಡಲೆಕಾಯಿ ಮಾರುವವರೂ ಬರುತ್ತಾರೆ, ಸುಳ್ಳೇಕೆ ಹೇಳಲಿ. ಶಾಖೆಯ ಏಳು ಜನರೂ ಹಾಜರಿರಬೇಕೆಂಬುದು ನಿಯಮ, ಅದೂ ನಾನೇ ಬರೆದದ್ದು. ಜಯವಿಭವ ಸಾಹೇಬರು ಛತ್ರಿ ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಹೆಸರು ಕೂಗಿ ದೋಣಿ ಹತ್ತಿಸುವುದು ಹೆಡ್ ಕ್ಲಾರ್ಕಿನ ಕೆಲಸ. ಯಾವಾಗಲೂ ಅಕ್ಷರ ಯಾರದೆಂದು ನೋಡದೆ ಕೂಗುತ್ತಿದ್ದೆ, ಅಂದೂ ಹಾಗೇ ಪಟ್ಟಿ ಬಿಚ್ಚಿ ಒಂದೊಂದೇ ಕೂಗಿದೆ. ಪ್ರತಿ ಹೆಸರಿನ ನಡುವೆ ಫಕೀರಮ್ಮನ ದನಿ ನನ್ನ ಪಕ್ಕದಿಂದ ಧ್ವನಿವರ್ಧಕದ ಹಾಗೆ ಕೇಳುತ್ತಿತ್ತು. ಸಾಹೇಬರು ಸಿಡಿಮಿಡಿಗೊಂಡು ಬೇಗ ಬೇಗ ಎಂದು ಕೈಸನ್ನೆ ಮಾಡಿದರು. ಒಬ್ಬ ನೇಕಾರ, ಒಬ್ಬ ಕುರುಡು ಮುದುಕಿ, ಶಾಲೆಯಲ್ಲಿ ಗಂಟೆ ಹೊಡೆಯುವವನು, ಹೀಗೆ ಮೂವತ್ತೊಂಬತ್ತು ಜನ ಗಂಟುಮೂಟೆ ಹಿಡಿದು ಹತ್ತಿದರು. ಇನ್ನು ಒಂದು ಹೆಸರು. ಹೊನ್ನೂರಪ್ಪ ಇನ್ಸ್‌ಪೆಕ್ಟರ್ ತಿಮ್ಮಾರೆಡ್ಡಿಯವರ ಪಕ್ಕ ತನ್ನ ಸಾಮಾನಿನ ಚೀಲ ಹಿಡಿದು ನಿಂತಿದ್ದ. ನನ್ನನ್ನು ನೋಡಿ, ಪರಿಚಯದವನು ಸಿಕ್ಕಾಗ ನಗುವ ಹಾಗೆ ನಕ್ಕ. ದನಿ ಹೆಡ್ ಕ್ಲಾರ್ಕಿಗೆ ಅಂಟಿದೆ ಎಂದುಕೊಂಡಿರಬೇಕು, ಬರೆದ ಕೈ ನನ್ನದೆಂದು ಅವನಿಗೆ ಗೊತ್ತಿರಲಿಲ್ಲ. ಆ ನಗು ನೋಡಿ ನನಗೆ ಅಳು ಬಂತು, ಪಟ್ಟಿ ಮಡಿಸಿದೆ.

ನಾನು ತಿರುಗಿ ಫಕೀರಮ್ಮನ ಹತ್ತಿರ ಹೋದೆ. "ನಾನಮ್ಮ" ಎಂದೆ. "ಬರೆದೋನು ನಾನೇ. ಪಟ್ಟೀಲಿ ಒಂದು ಹೆಸರು ಕಮ್ಮಿ ಇತ್ತು. ನನಗೆ ಹೋಳಿಗೆ ತಿನ್ನೋ ಆತುರ. ನೋಡದೆ ಬೆರಳಿಟ್ಟೆ, ನಿನ್ನ ಗಂಡನ ಮೇಲೆ ಬಿತ್ತು. ಬೇರೆ ಕಾರಣ ಏನೂ ಇಲ್ಲ."

ದನಿ ನಿಂತುಹೋಯಿತು. ಐದು ದಿನ ಬಿಡದೆ ಕೇಳಿದ್ದ ಪ್ರಶ್ನೆ ನಿಂತಾಗ ಹೊಳೆಯ ಸದ್ದು ಎಷ್ಟು ದೊಡ್ಡದೆಂದು ಗೊತ್ತಾಯಿತು. ಸಾಹೇಬರು ಕುರ್ಚಿಯಿಂದ ಎದ್ದು, ಏನ್ರೀ ಇದು ವಾಮದೇವಯ್ಯ, ಮುಂದಿನ ಹೆಸರು ಕೂಗಿ ಎಂದರು. ಆಗ ನನಗೆ ನನ್ನದೇ ಒಂಬತ್ತನೆಯ ನಿಯಮ ನೆನಪಾಯಿತು. ಬರೆದ ಕೈಯೇ ಹೊಡೆದುಹಾಕಬೇಕು, ಸಾಹೇಬರೂ ಮುಟ್ಟುವಂತಿಲ್ಲ. ಜೇಬಿನಿಂದ ಪೆನ್ನು ತೆಗೆದೆ. ತೊಡೆಯ ಮೇಲೆ ಪಟ್ಟಿ ಇಟ್ಟುಕೊಂಡು ನಲವತ್ತನೆಯ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ವಾಮದೇವಯ್ಯ ಎಂದು ಸಹಿ ಮಾಡಿದೆ. ನಿಯಮ ಓದಿ ಹೇಳಿದೆ. ಇನ್ಸ್‌ಪೆಕ್ಟರು ನಿಯಮ ಅಂದರೆ ನಿಯಮವೇ ಸಾರ್ ಎಂದು ಹೊನ್ನೂರಪ್ಪನ ಕೈ ಬಿಟ್ಟರು. ಬಿಟ್ಟ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ದೊಡ್ಡದಾಗಿ ಉಸಿರು ಬಿಟ್ಟರು.

ನಾನು ಅಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ನಾನು ಸಹಿ ಮಾಡುವಾಗ ಉಳಿದ ಆರು ಜನ ನನ್ನ ಹೆಗಲ ಮೇಲಿಂದ ಬಗ್ಗಿ ಪಟ್ಟಿ ನೋಡುತ್ತಿದ್ದರು. ಒಮ್ಮೆ ಬರೆದ ಮೇಲೆ ಅವರು ಅದನ್ನು ನೋಡಿದ್ದು ಅದೇ ಮೊದಲು. ಯಾರ ಅಕ್ಷರ ಯಾರಿಗೆ ಗೊತ್ತಾಗುವುದಿಲ್ಲ? ಶಾಂತವೀರನ 'ಮ' ಯಾವಾಗಲೂ ಹೊಟ್ಟೆ ಬಂದವರ ಹಾಗಿರುತ್ತದೆ. ಅಯ್ಯೋ ಇದು ನಂದು ಎಂದ. ಅವನು ಅಂದದ್ದೇ ತಡ, ಊರಿನ ಕಡೆಯಿಂದ ಏನೋ ಹಾರಿಬರುವ ಸದ್ದಾಯಿತು. ಹುಣಸೆಮರದ ಪ್ರಶ್ನೆಗಳು. ಆ ತಿಂಗಳು ಆ ಮರಕ್ಕೆ ಹೋಗಿದ್ದವೆಲ್ಲ ಬಂದು ಆರು ಜನರ ಸುತ್ತ ಮುತ್ತಿಕೊಂಡವು. ನೇಕಾರನ ಮಗಳದು, ಮುದುಕಿಯ ಅಕ್ಕನದು, ಗಂಟೆ ಹೊಡೆಯುವವನ ಹೆಡ್‌ಮಾಸ್ಟರದು. ಹೊಳೆದಂಡೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದ ಹಾಗಾಯಿತು. ಧರ್ಮಬುದ್ಧಿಯಿಂದಲೋ, ಆರಾರು ಪ್ರಶ್ನೆಗಳನ್ನು ಮನೆಗೆ ಕರೆದುಕೊಂಡು ಹೋಗುವ ಭಯದಿಂದಲೋ, ನಾನು ಕೇಳಲಿಲ್ಲ. ಒಬ್ಬೊಬ್ಬರೇ ಸಾಲಾಗಿ ನಿಂತು, ನಾನೇ ಎಂದು ಹೇಳಿ, ನನ್ನ ಪೆನ್ನಿನಲ್ಲೇ ಹೆಸರು ಹೊಡೆದುಹಾಕಿದರು. ದೋಣಿಯಿಂದ ಒಬ್ಬೊಬ್ಬರೇ ಇಳಿದರು. ಶಾಯಿ ಮುಗಿದಾಗ ಇನ್ಸ್‌ಪೆಕ್ಟರು ತಮ್ಮ ಪೆನ್ನು ಕೊಟ್ಟರು.

ಎಲ್ಲರೂ ಇಳಿದ ಮೇಲೆ ಫಕೀರಮ್ಮ ಸಾಹೇಬರ ಕಡೆ ತಿರುಗಿದಳು. "ನಲವತ್ತೇ ಆಗ್ಬೇಕು ಅಂತ ಹೇಳಿದ್ದು ಯಾರು, ಯಾಕೆ?" ಪ್ರಶ್ನೆ ಎಲ್ಲೂ ಸುತ್ತಲಿಲ್ಲ, ನೆಟ್ಟಗೆ ಹೋಗಿ ಛತ್ರಿಯ ಕೆಳಗೆ ಕೂತಿತು. ಸಾಹೇಬರು ಮೇಲಿನಿಂದ ಬಂದ ಆದೇಶ ಅಂದರು. ದನಿ ಎರಡು ಪಟ್ಟಾಯಿತು. ಸರ್ಕಾರದ ನೀತಿ ಅಂದರು. ನಾಲ್ಕು ಪಟ್ಟಾಗಿ, ಛತ್ರಿ ಅವರ ಕೈಯಿಂದ ಹಾರಿ ಹೊಳೆಗೆ ಬಿತ್ತು. ಆಮೇಲೆ ಆ ಮನುಷ್ಯ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತು, ಫಕೀರಮ್ಮನ ಮುಖ ನೋಡಿ ನಿಧಾನವಾಗಿ ಹೇಳಿದರು. ಮೇಲಿನಿಂದ ಸಂಖ್ಯೆ ಬಂದಿರಲಿಲ್ಲ. ನಲವತ್ತು ಎಂದದ್ದು ಅವರೇ. ದೋಣಿಯಲ್ಲಿ ನಲವತ್ತು ಜನ ಹಿಡಿಸುತ್ತಾರೆ, ಖಾಲಿ ಹೋದರೆ ಚೆನ್ನಾಗಿರುವುದಿಲ್ಲ ಅನ್ನಿಸಿತಂತೆ. ಜನ ಬೈಯುತ್ತಾರೆಂದು ನಾನು ಕಾದೆ. ಎಲ್ಲರೂ ಆ ದೋಣಿಯನ್ನೇ ನೋಡುತ್ತ ನಿಂತರು. ಮೊದಲು ನಕ್ಕವಳು ಕುರುಡು ಮುದುಕಿ. ಆಮೇಲೆ ದಂಡೆಯೇ ನಕ್ಕಿತು. ಸಾಹೇಬರು ಮರುವಾರ ಬೇರೆ ಊರಿಗೆ ಹೋದರು. ಹೋಗುವ ಮೊದಲು ಏಳು ಮೇಜಿನ ಪದ್ಧತಿಯನ್ನು ರದ್ದು ಮಾಡಿ, ಅದಕ್ಕೆ ತಮ್ಮ ಪೂರ್ತಿ ಹೆಸರಿನ ಸಹಿ ಹಾಕಿಹೋದರು ಎಂಬುದನ್ನೂ ಹೇಳಬೇಕು.

ನನ್ನ ಕೆಲಸ ಹೋಗಲಿಲ್ಲ. ಹೆಡ್ ಕ್ಲಾರ್ಕ್ ಪಟ್ಟ ಹೋಯಿತು, ಮೊದಲನೆಯ ಮೇಜಿಗೆ ಬಂದೆ. ಎಂಟು ದಿನದ ಮೇಲೆ ಹೊನ್ನೂರಪ್ಪ, ಫಕೀರಮ್ಮ ಇಬ್ಬರೂ ನಮ್ಮ ಮನೆಗೆ ಬಂದರು. ಅವನು ಕೇಳದೆಯೇ ನಮ್ಮ ಹಿತ್ತಲ ಬಾಗಿಲಿನ ಚಿಲಕ ಸರಿಮಾಡತೊಡಗಿದ. ಗಂಗಾಂಬಿಕೆ ಕಾಫಿ ಕೊಟ್ಟಳು. ಫಕೀರಮ್ಮ ಲೋಟ ಕೆಳಗಿಟ್ಟು, ಏನೋ ಯೋಚನೆ ಬಂದವಳ ಹಾಗೆ ಕೇಳಿದಳು. "ಅಯ್ಯನೋರೆ, ಅವತ್ತು ಬೆರಳು ಬೇರೆ ಯಾರ್ದೋ ಹೆಸರಿನ ಮೇಲೆ ಬಿದ್ದಿದ್ರೆ ನೀವು ಹಿಂಗೇ ಬಂದು ಹೇಳ್ತಿದ್ರಾ?"

ಮನೆಯಲ್ಲಿ ಲುಂಗಿ ಉಟ್ಟು ಕೂತವನು ಸರ್ಕಾರವಲ್ಲ ಎಂದು ನಾನು ತಿಳಿದಿದ್ದೆ. ಪ್ರಶ್ನೆ ಹಾಗೆ ತಿಳಿಯಲಿಲ್ಲ. ಬಂದು ಪಕ್ಕದಲ್ಲಿ ಕೂತಿತು. ಅವರು ಹೋದ ಮೇಲೂ ಕೂತಿತ್ತು. ಗಂಗಾಂಬಿಕೆ ಅದಕ್ಕೊಂದು ಮಣೆ ಹಾಕಿದಳು. ಸ್ನಾನ ಮಾಡುವಾಗ ನಾನೊಬ್ಬನೇ ಅಭ್ಯಾಸಕ್ಕೆಂದು "ಹೇಳ್ತಿದ್ದೆ ಕಣಮ್ಮ" ಎಂದು ನೋಡಿದೆ. ಹಂಡೆಯ ಮುಚ್ಚಳ ಅದುರಿತು. ಭೂತಗನ್ನಡಿ ಹಿಡಿದು ಹುಡುಕಬೇಕಾದ ಉತ್ತರವೇನೂ ಅಲ್ಲ ಅದು. ನಾಲ್ಕು ದಿನ ಕಳೆದು ಬಸ್ ನಿಲ್ದಾಣದ ಹತ್ತಿರ ಹೋಗಿ, ಗಂಡನಿಗೆ ಬುತ್ತಿ ತಂದಿದ್ದ ಫಕೀರಮ್ಮನ ಎದುರು ನಿಂತು ಹೇಳಿದೆ. "ಹೇಳ್ತಿರಲಿಲ್ಲ ಕಣಮ್ಮ. ರಿಜಿಸ್ಟರು ಮುಚ್ಚಿಬಿಡ್ತಿದ್ದೆ."

ಪ್ರಶ್ನೆ ಸುಮ್ಮನಾಯಿತು. ಅವಳು ತಲೆಯಾಡಿಸಿ ಬುತ್ತಿ ಬಿಚ್ಚಿದಳು, ಒಂದು ರೊಟ್ಟಿ ನನಗೂ ಕೊಟ್ಟಳು. ನಾನು ನಿಂತುಕೊಂಡೇ ತಿಂದೆ.

ಮರುದಿನದಿಂದ ನಾನು ಕಚೇರಿ ಮುಗಿದ ಮೇಲೆ ಹಳೆಯ ಪಟ್ಟಿಗಳನ್ನೆಲ್ಲ ಹೊತ್ತುಕೊಂಡು ಹುಣಸೆಮರದ ಕೆಳಗೆ ಕೂರುತ್ತೇನೆ. ಹಿಂದಿನ ದೋಣಿಗಳಲ್ಲಿ ಹೋದವರ ಪ್ರಶ್ನೆಗಳು ಇನ್ನೂ ಅಲ್ಲಿವೆ. ಪುಟ ಪುಟ ನೋಡುತ್ತೇನೆ, ನನ್ನ ಅಕ್ಷರ ಕಂಡರೆ ನಾನೇ ಎನ್ನುತ್ತೇನೆ, ಮೇಲಿಂದ ಒಂದು ದನಿ ಇಳಿದು ಬರುತ್ತದೆ. ಕೇಳಿದವರ ಮುಂದೆ ಒಪ್ಪಿಕೊಂಡು, ಹೆಸರು ಹೊಡೆದುಹಾಕಿ ಆಚೆ ದಡಕ್ಕೆ ಕಾಗದ ಕಳಿಸುತ್ತೇನೆ. ಶಾಂತವೀರನೂ ಈಗೀಗ ಬಂದು ಕೂರುತ್ತಾನೆ. ಒಟ್ಟು ಮೂವತ್ತೆಂಟು ಹೆಸರು ನನ್ನ ಕೈಯವು. ಇದುವರೆಗೆ ಹನ್ನೊಂದು ಜನ ತಿರುಗಿ ಬಂದಿದ್ದಾರೆ, ಕಡತದಲ್ಲಿ ಒಂದೂ ಉದಾಹರಣೆ ಇರಲಿಲ್ಲ ಅಂದೆನಲ್ಲ, ಈಗಿವೆ.

ಹನ್ನೊಂದನೆಯವಳು ಈರಜ್ಜಿ. ಎಂಟು ತಿಂಗಳು ಆಚೆ ದಡದಲ್ಲಿದ್ದು ನಿನ್ನೆ ಬಂದಳು. ನಾನು ದಂಡೆಯಲ್ಲಿ ಕೈಮುಗಿದು ನಿಂತಿದ್ದೆ. ಅವಳ ಹೆಸರು ಬರೆದವನು ನಾನೇ ಎಂದು ಹೇಳಲು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವಳಿಗೆ ಅದು ಬೇಕಿರಲಿಲ್ಲ. ದೋಣಿಯಿಂದ ಇಳಿದು, ಸೊಂಟಕ್ಕೆ ಕೈ ಕೊಟ್ಟು ನಿಂತು, ಎದುರಿಗೆ ಕಂಡ ಸರ್ಕಾರವನ್ನು ಕೇಳಿದಳು.

"ನನ್ ಮೇಕೆ ಎಲ್ಲೈತಪ್ಪ?"

ಆ ಪ್ರಶ್ನೆ ಈಗ ನಮ್ಮ ಮನೆಯ ಮಣೆಯ ಮೇಲೆ ಕೂತಿದೆ. ಕರಿ ಮೇಕೆಯಂತೆ, ಒಂದು ಕಿವಿ ಬಿಳಿಯಂತೆ. ಗಂಗಾಂಬಿಕೆ ಮೇಲಿನ ಕೇರಿ ನೋಡುತ್ತೇನೆ ಅಂದಿದ್ದಾಳೆ, ಕೆಳಗಿನ ಕೇರಿ ನನ್ನದು. ಬೆಳಿಗ್ಗೆ ಬೇಗ ಹೊರಡಬೇಕು.